ಹಳೆಯ ಡೆಸ್ಕ್‌ಟಾಪಿಗೆ ಹೊಸ ಗ್ರಾಫಿಕ್ಸ್ ಕಾರ್ಡ್

ಪರದೆಯ ಮೇಲೆ ಮೂಡಬೇಕಾದ ಚಿತ್ರವನ್ನು ಲೆಕ್ಕ ಹಾಕಿ ಮಾನಿಟರಿಗೆ ಕಳುಹಿಸುವ, ತನ್ನದೇ ಚಿಪ್ ಮತ್ತು ಮೆಮೊರಿ ಇರುವ ಫಲಕವೇ ಗ್ರಾಫಿಕ್ಸ್ ಕಾರ್ಡ್. ಇದು ಮದರ್‌ಬೋರ್ಡಿನ ಸ್ಲಾಟಿನಲ್ಲಿ ಕೂರುತ್ತದೆ. ಹತ್ತು ಹನ್ನೆರಡು ವರ್ಷ ದುಡಿದ ಡೆಸ್ಕ್‌ಟಾಪಿಗೆ ಇಂಥದೊಂದು ಕಾರ್ಡ್ ಹಾಕಿ ಇನ್ನಷ್ಟು ವರ್ಷ ಓಡಿಸುವುದು ಕರ್ನಾಟಕದ ಸಣ್ಣ ಊರುಗಳಲ್ಲಿ ರೂಢಿಯಾಗಿರುವ ಕೆಲಸ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಮುಂದಿಟ್ಟುಕೊಂಡು ಆ ಕೆಲಸದ ಬಗೆಯನ್ನು ಇಲ್ಲಿ ವಿವರಿಸಿದೆ. ಕೊಳ್ಳುವವರು ಸಾಮಾನ್ಯವಾಗಿ ಮೊದಲು ಕೇಳುವುದು ಕಾರ್ಡ್ ಸ್ಲಾಟಿಗೆ ಕೂರುತ್ತದೆಯೇ ಎಂದು. ಕೂರುವುದು ಬಹುಮಟ್ಟಿಗೆ ಖಚಿತ. ಕೆಲಸ ಕೆಡುವುದು ವಿದ್ಯುತ್ತಿನ ಕಡೆಯಿಂದ.

ಹಿನ್ನೆಲೆ

1981ರ ಐಬಿಎಂ ಪಿಸಿಯಲ್ಲಿಯೇ ಚಿತ್ರದ ಕೆಲಸಕ್ಕೆ ಬೇರೆ ಕಾರ್ಡ್ ಇತ್ತು. 1987ರಲ್ಲಿ ಬಂದ ವಿಜಿಎ ವ್ಯವಸ್ಥೆಯ ನೀಲಿ ಮೂತಿಯ ಕೇಬಲ್ ಇಂದಿಗೂ ಹಳೆಯ ಮಾನಿಟರುಗಳ ಬೆನ್ನಿಗೆ ಅಂಟಿಕೊಂಡಿದೆ. ಕನ್ನಡದ ಮಟ್ಟಿಗೆ ಇನ್ನೊಂದು ಕಾರ್ಡನ್ನು ಇಲ್ಲಿ ನೆನೆಯಬೇಕು. ಡಾಸ್ ಕಾಲದ ಕಂಪ್ಯೂಟರಿಗೆ ಕನ್ನಡ ಅಕ್ಷರ ತೋರಿಸಲು ಬರುತ್ತಿರಲಿಲ್ಲ. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಸ್ಲಾಟಿಗೆ ಹಾಕಿದರೆ ಅದೇ ಯಂತ್ರದಲ್ಲಿ ಕನ್ನಡ, ತೆಲುಗು, ದೇವನಾಗರಿ ಮೂಡುತ್ತಿದ್ದವು. ಅದು ಬಳಸುತ್ತಿದ್ದ ಇಸ್ಕಿ ಸಂಕೇತ ವ್ಯವಸ್ಥೆ 1991ರಲ್ಲಿ ಭಾರತೀಯ ಮಾನಕವಾಯಿತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಕನ್ನಡವನ್ನು ಒಳಗೇ ತಂದದ್ದರಿಂದ ಅಕ್ಷರಕ್ಕಾಗಿ ಕಾರ್ಡ್ ಹಾಕುವ ಅಗತ್ಯ ಉಳಿಯಲಿಲ್ಲ. ಈಗಲೂ ನುಡಿ ತಂತ್ರಾಂಶದಲ್ಲಿ ಅರ್ಜಿ ಟೈಪು ಮಾಡುವ, ಪಹಣಿ ತೆಗೆದುಕೊಡುವ ಅಂಗಡಿಗೆ ಗ್ರಾಫಿಕ್ಸ್ ಕಾರ್ಡಿನಿಂದ ಏನೂ ಲಾಭವಿಲ್ಲ.

ಮೂರು ಆಯಾಮದ ಚಿತ್ರಕ್ಕೆಂದೇ ಇರುವ ಕಾರ್ಡುಗಳು 1996ರ ವೂಡೂವಿನಿಂದ ಜನಪ್ರಿಯವಾದವು. 1999ರ ಜಿಫೋರ್ಸ್ 256 ಜೊತೆಗೆ ಜಿಪಿಯು ಎಂಬ ಹೆಸರು ಚಾಲ್ತಿಗೆ ಬಂತು. 2007ರಲ್ಲಿ ಎನ್‌ವಿಡಿಯಾ ಸಂಸ್ಥೆಯ ಕುಡಾ ಬಂದು, ಚಿತ್ರ ಬಿಡಿಸುವ ಚಿಪ್ಪಿನಿಂದ ಬೇರೆ ಗಣಿತವನ್ನೂ ಮಾಡಿಸಬಹುದಾಯಿತು. ಗೌರಿಬಿದನೂರಿನ ಓದುಗರಿಗೆ ಇದರ ಹಿರಿಮೆ ಬೇಗ ತಿಳಿದೀತು. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ 1970ರ ದಶಕದಲ್ಲಿ ಅಲ್ಲಿ ಟಿ ಆಕಾರದಲ್ಲಿ 1000 ಡೈಪೋಲುಗಳನ್ನು ನೆಟ್ಟು 34.5 ಮೆಗಾಹರ್ಟ್ಸ್‌ನ ರೇಡಿಯೊ ದೂರದರ್ಶಕ ಕಟ್ಟಿದವು. ಬೇರೆ ಬೇರೆ ಆಂಟೆನಾಗಳ ಸಂಕೇತಗಳನ್ನು ಒಂದಕ್ಕೊಂದು ಗುಣಿಸಿ ಕೂಡುವುದು ಇಂಥ ದೂರದರ್ಶಕದ ಮುಖ್ಯ ಕೆಲಸ. ಆಗ ಅದಕ್ಕೆಂದೇ ವಿದ್ಯುನ್ಮಂಡಲಗಳನ್ನು ಕಟ್ಟಬೇಕಿತ್ತು. ಪುಣೆ ಬಳಿಯ ಖೊಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕದಲ್ಲಿ ಈಗ ಆ ಗುಣಾಕಾರವನ್ನು ಗ್ರಾಫಿಕ್ಸ್ ಕಾರ್ಡುಗಳೇ ಮಾಡುತ್ತವೆ.

ಊರು, ಯಂತ್ರ, ಬಳಕೆದಾರ

2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಈ ನಾಲ್ಕೂ ಊರುಗಳು ಬೆಳಗ್ಗೆ ಬೆಂಗಳೂರಿಗೆ ಹೋಗಿ ಸಂಜೆಗೆ ಮರಳಬಹುದಾದಷ್ಟು ಹತ್ತಿರದಲ್ಲಿವೆ. ಗೌರಿಬಿದನೂರು ದೊಡ್ಡಬಳ್ಳಾಪುರ–ಹಿಂದೂಪುರ ರೈಲುಮಾರ್ಗದಲ್ಲಿದೆ. ಉಳಿದ ಮೂರೂ ಯಲಹಂಕ–ಕೋಲಾರ ಮಾರ್ಗದ ನಿಲ್ದಾಣಗಳು. ಹಾಗಾಗಿ ಬಿಡಿಭಾಗದ ವಿಷಯ ಬಂದರೆ ದಾರಿ ಬೆಂಗಳೂರಿನ ಎಸ್.ಪಿ. ರೋಡಿಗೇ. ಬೆಂಗಳೂರಿನ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಬದಲಾಯಿಸುವ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್, ಲೆನೊವೊ ಥಿಂಕ್‌ಸೆಂಟರ್ ಯಂತ್ರಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಇಳಿದು ಸುತ್ತಲಿನ ಜಿಲ್ಲೆಗಳಿಗೆ ಹರಡುತ್ತವೆ. ಇವುಗಳ ಜೊತೆಗೆ ಊರಿನ ಅಂಗಡಿಯಲ್ಲೇ ಜೋಡಿಸಿಕೊಟ್ಟ ಅಸೆಂಬಲ್ಡ್ ಸಿಸ್ಟಂಗಳೂ ಇವೆ. ಇವೆರಡರ ಕಷ್ಟಗಳು ಬೇರೆ ಬೇರೆ. ಅದನ್ನು ಮುಂದೆ ನೋಡೋಣ.

ಕಾರ್ಡ್ ಬೇಕೆನ್ನುವವರಲ್ಲಿ ಮೊದಲಿಗರು ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರು. ಆಮೇಲೆ ಆಟವಾಡುವ ಹುಡುಗರು. ಅವರ ಹಿಂದೆ ಮನೆಯ ನಕ್ಷೆ ತೆಗೆಯುವವರು, ಮೂರು ಆಯಾಮದ ಚಿತ್ರ ಬಿಡಿಸುವ ಬ್ಲೆಂಡರ್ ಕಲಿಯುವವರು, ಚಿಕ್ಕಬಳ್ಳಾಪುರದ ಎಸ್‌ಜೆಸಿಐಟಿ ಅಥವಾ ಮುದ್ದೇನಹಳ್ಳಿಯ ವಿಟಿಯು ಕೇಂದ್ರದಂಥ ಕಡೆ ಯಂತ್ರ ಕಲಿಕೆ ಓದುವ ವಿದ್ಯಾರ್ಥಿಗಳು. ಫ್ಲೆಕ್ಸ್ ವಿನ್ಯಾಸ ಮಾಡುವವರೂ ಕೇಳುತ್ತಾರೆ. ಕೋರಲ್‌ಡ್ರಾ ನಿಧಾನವಾಗುವುದು ಹೆಚ್ಚಾಗಿ ರ್‍ಯಾಮ್ ಸಾಲದ್ದರಿಂದ, ಹಾರ್ಡ್ ಡಿಸ್ಕ್ ಹಳೆಯದಾದ್ದರಿಂದ. ಅವರು ಎಸ್‌ಎಸ್‌ಡಿ ಹಾಕಿ ರ್‍ಯಾಮನ್ನು ಎರಡರಷ್ಟು ಮಾಡಿದರೆ ಕಾರ್ಡಿನ ಹಣ ಉಳಿಯುತ್ತದೆ.

ಸ್ಲಾಟು

1992ರ ಪಿಸಿಐ, 1997ರ ಎಜಿಪಿ ಎರಡೂ ಹಿಂದೆ ಸರಿದು, 2003ರಲ್ಲಿ ರೂಪುಗೊಂಡ ಪಿಸಿಐ ಎಕ್ಸ್‌ಪ್ರೆಸ್ ಇಂದಿಗೂ ನಡೆಯುತ್ತಿದೆ. ಎಜಿಪಿ ಸ್ಲಾಟಿನ ಯಂತ್ರವಾದರೆ ಪ್ರಯತ್ನ ಬೇಡ. ಎಕ್ಸ್‌ಪ್ರೆಸ್ ಸ್ಲಾಟ್ ಇದ್ದರೆ ಹೊಸ ಪೀಳಿಗೆಯ ಕಾರ್ಡ್ ಹಳೆಯ ಪೀಳಿಗೆಯ ಸ್ಲಾಟಿನಲ್ಲೂ ಓಡುತ್ತದೆ, ವೇಗ ಮಾತ್ರ ಸ್ಲಾಟಿನದು. ಎರಡನೆಯ ಪೀಳಿಗೆಯ 16 ಲೇನಿನ (ದತ್ತಾಂಶ ಸಾಗುವ ದಾರಿಗಳ) ಸ್ಲಾಟ್ ಸೆಕೆಂಡಿಗೆ 8 ಗಿಗಾಬೈಟ್ ಸಾಗಿಸುತ್ತದೆ, ಮೂರನೆಯದು ಅದರ ಹತ್ತಿರ ಹತ್ತಿರ ಎರಡರಷ್ಟು. ಜಿಟಿಎಕ್ಸ್ 1650ರಂಥ 16 ಲೇನಿನ ಸಾಧಾರಣ ಕಾರ್ಡಿಗೆ ಇದರಿಂದ ಆಗುವ ನಷ್ಟ ಅಲ್ಪ.

ಮೋಸ ಹೋಗುವುದು 4 ಲೇನಿನ ಕಾರ್ಡುಗಳಲ್ಲಿ. 2022ರಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿ ನೋಡಲು 16 ಲೇನಿನ ಕಾರ್ಡುಗಳಂತೆಯೇ ಇದ್ದರೂ ಒಳಗೆ ಬಳಸುವುದು 4 ಲೇನ್. ನಾಲ್ಕನೆಯ ಪೀಳಿಗೆಯ ಸ್ಲಾಟಿನಲ್ಲಿ ಅವಕ್ಕೆ ಸೆಕೆಂಡಿಗೆ ಸುಮಾರು 8 ಗಿಗಾಬೈಟ್ ಸಿಗುತ್ತದೆ, 2011ರ ಯಂತ್ರದಲ್ಲಿ ಬರೀ 2. ಕೇವಲ 4 ಗಿಗಾಬೈಟ್ ಮೆಮೊರಿಯ ಈ ಕಾರ್ಡುಗಳು ಮೆಮೊರಿ ತುಂಬಿದಾಗಲೆಲ್ಲ ಸ್ಲಾಟಿನ ಮೂಲಕವೇ ಓಡಾಡಬೇಕಾದ್ದರಿಂದ ಹಳೆಯ ಯಂತ್ರದಲ್ಲಿ ಮುಗ್ಗರಿಸುತ್ತವೆ. ಇಂಟೆಲ್ ಆರ್ಕ್ ಕಾರ್ಡುಗಳ ಷರತ್ತು ಇನ್ನೂ ಕಟುವಾದದ್ದು. ರೀಸೈಜಬಲ್ ಬಾರ್ ಎಂಬ ಸೌಲಭ್ಯವಿಲ್ಲದ ಮದರ್‌ಬೋರ್ಡಿನಲ್ಲಿ ಅವು ಬಹಳಷ್ಟು ಶಕ್ತಿ ಕಳೆದುಕೊಂಡು ನಡೆಯುತ್ತವೆ. ಬೆಲೆ ಎಷ್ಟೇ ಇಳಿದಿರಲಿ, ಹಳೆಯ ಡೆಸ್ಕ್‌ಟಾಪಿಗೆ ಅವು ಸಲ್ಲವು.

ವಿದ್ಯುತ್ತು

16 ಲೇನಿನ ಸ್ಲಾಟ್ ಕಾರ್ಡಿಗೆ ಕೊಡಬಲ್ಲ ಗರಿಷ್ಠ ವಿದ್ಯುತ್ತು 75 ವಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಯಂತ್ರದ ವಿದ್ಯುತ್ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ನೇರ ತಂತಿ ಬರಬೇಕು: 6 ಪಿನ್ನಿನದಾದರೆ ಇನ್ನೊಂದು 75, 8 ಪಿನ್ನಿನದಾದರೆ 150 ವಾಟ್. ಕಂಪನಿ ಯಂತ್ರಗಳ ಚಿಕ್ಕ ಕ್ಯಾಬಿನೆಟ್ಟಿನಲ್ಲಿ ಈ ತಂತಿಗಳೇ ಇರುವುದಿಲ್ಲ. ಆಪ್ಟಿಪ್ಲೆಕ್ಸ್ 7010ರ ಚಿಕ್ಕ ಮಾದರಿಯಲ್ಲಿರುವುದು 240 ವಾಟಿನ ಎಸ್‌ಎಂಪಿಎಸ್, ಅದರ ದೊಡ್ಡ ಟವರಿನಲ್ಲೂ 275 ಮಾತ್ರ. ಲೆಕ್ಕ ಹೀಗೆ: ಐ5-3470 ಪ್ರೊಸೆಸರಿಗೆ 77 ವಾಟ್, ಮದರ್‌ಬೋರ್ಡ್, ಡಿಸ್ಕ್, ಫ್ಯಾನುಗಳಿಗೆ 50ರ ಆಸುಪಾಸು, ಕಾರ್ಡಿಗೆ 75. ಒಟ್ಟು ಸುಮಾರು 200. ಇದು ನಡೆಯುತ್ತದೆ, ಇದಕ್ಕಿಂತ ಮೇಲೆ ಹೋಗುವಂತಿಲ್ಲ. ಆದ್ದರಿಂದ ಇಂಥ ಯಂತ್ರಗಳಿಗೆ ತಂತಿ ಬೇಡದ ಕಾರ್ಡುಗಳೇ ಗತಿ: 30 ವಾಟಿನ ಜಿಟಿ 1030, 75 ವಾಟಿನ ಜಿಟಿಎಕ್ಸ್ 1050 ಟಿಐ ಮತ್ತು 1650, 2024ರಲ್ಲಿ ಬಂದ 70 ವಾಟಿನ ಆರ್‌ಟಿಎಕ್ಸ್ 3050ರ 6 ಗಿಗಾಬೈಟ್ ಮಾದರಿ. ಇವುಗಳಲ್ಲೂ ಕೆಲವು ತಯಾರಕರು ವೇಗ ಹೆಚ್ಚಿಸಿ 6 ಪಿನ್ನಿನ ತಂತಿ ಬೇಡುವಂತೆ ಮಾಡಿರುತ್ತಾರೆ. ಡಬ್ಬಿಯ ಹೆಸರು ನೋಡಿ ತಂದರೆ ಸಾಲದು, ಕಾರ್ಡಿನ ಬಾಲವನ್ನೂ ನೋಡಬೇಕು.

ಎಸ್‌ಎಂಪಿಎಸ್ ಬದಲಿಸಿದರಾಯಿತಲ್ಲ ಎನ್ನಬಹುದು. ಅಸೆಂಬಲ್ಡ್ ಸಿಸ್ಟಮ್ಮಿನಲ್ಲಿ ಅದು ಸುಲಭ, ಅಲ್ಲಿರುವುದು ಎಲ್ಲೆಡೆ ಸಿಗುವ ಎಟಿಎಕ್ಸ್ ಮಾದರಿ. ಕಂಪನಿ ಯಂತ್ರಗಳಲ್ಲಿ ಪೇಚಿದೆ. ಸಾಮಾನ್ಯ ಮದರ್‌ಬೋರ್ಡಿಗೆ 24 ಪಿನ್ನಿನ ತಂತಿಯಾದರೆ ಆಪ್ಟಿಪ್ಲೆಕ್ಸ್ 9020ಕ್ಕೆ 8 ಪಿನ್, ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ1ಕ್ಕೆ 6 ಪಿನ್, ಥಿಂಕ್‌ಸೆಂಟರ್ ಎಂ93ಕ್ಕೆ 14. ಪರಿವರ್ತಕ ತಂತಿ ಸಿಗುತ್ತದೆ, ಆದರೆ ಚಿಕ್ಕ ಕ್ಯಾಬಿನೆಟ್ಟಿನಲ್ಲಿ ಎಟಿಎಕ್ಸ್ ಎಸ್‌ಎಂಪಿಎಸ್ ಕೂರಲು ಜಾಗವೇ ಇರುವುದಿಲ್ಲ. ಕ್ಯಾಬಿನೆಟ್ಟಿನ ಹೊರಗಿಟ್ಟು ಓಡಿಸುವವರಿದ್ದಾರೆ. ಮಕ್ಕಳಿರುವ ಮನೆಯಲ್ಲಿ ಅದನ್ನು ಮಾಡಲೇಬಾರದು.

ಅಸೆಂಬಲ್ಡ್ ಸಿಸ್ಟಮ್ಮಿನ ಅಪಾಯ ಬೇರೆ. ಅಗ್ಗದ ಎಸ್‌ಎಂಪಿಎಸ್ ಮೇಲೆ 450 ವಾಟ್ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಕಾರ್ಡ್ ಬಳಸುವುದು 12 ವೋಲ್ಟಿನ ಸಾಲನ್ನು. ಚೀಟಿಯ ಮೇಲೆ ಆ ಸಾಲಿನ ಎದುರು 14 ಆಂಪಿಯರ್ ಎಂದಿದ್ದರೆ ಅದು ಕೊಡುವುದು 12 ಗುಣಿಸು 14, ಅಂದರೆ 168 ವಾಟ್. ದಪ್ಪಕ್ಷರವನ್ನು ಬಿಟ್ಟು ಈ ಗುಣಾಕಾರವನ್ನು ನಂಬಬೇಕು. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಯಂತ್ರ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಬಹುಪಾಲು ತಪ್ಪು ಇಲ್ಲಿಯೇ. ವಿಂಡೋಸ್ ಫಾರ್ಮ್ಯಾಟ್ ಹೊಡೆದು ದಿನ ಕಳೆಯುವ ಮುನ್ನ ಬೇರೊಂದು ಒಳ್ಳೆಯ ಎಸ್‌ಎಂಪಿಎಸ್ ಹಾಕಿ ನೋಡುವುದು ಲೇಸು.

ಗೋಡೆಯಾಚೆಗಿನ ವಿದ್ಯುತ್ತೂ ಈ ಲೆಕ್ಕಕ್ಕೆ ಸೇರಬೇಕು. ಬೆಸ್ಕಾಂ ವ್ಯಾಪ್ತಿಯ ಈ ತಾಲ್ಲೂಕುಗಳಲ್ಲಿ ಯುಪಿಎಸ್ ಇಲ್ಲದೆ ಎಡಿಟಿಂಗ್ ಕೆಲಸಕ್ಕೆ ಕೂರುವ ಧೈರ್ಯ ಯಾರಿಗೂ ಇಲ್ಲ. ಸಾಮಾನ್ಯವಾಗಿ ಇರುವುದು 600 ವಿಎ ಯುಪಿಎಸ್, ಅದು ಹೊರುವುದು 360 ವಾಟಿನಷ್ಟು. ಕಾರ್ಡ್ ಹಾಕುವ ಮೊದಲು ಮಾನಿಟರ್ ಸಮೇತ ಸಾಕಾಗುತ್ತಿದ್ದ ಅದು, ದೊಡ್ಡ ಕಾರ್ಡ್ ಬಂದ ಮೇಲೆ ಕರೆಂಟ್ ಹೋದೊಡನೆ ಕೂಗಿ ಕೈಚೆಲ್ಲುತ್ತದೆ. ಮನೆಯ ಇನ್ವರ್ಟರಿಗೆ ಜೋಡಿಸಿದವರು ಅದು ಸೈನ್ ವೇವ್ ಮಾದರಿಯೇ ಎಂದು ನೋಡಿಕೊಳ್ಳಬೇಕು. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನೊಂದಿಗೆ ಉತ್ತಮ ದರ್ಜೆಯ ಎಸ್‌ಎಂಪಿಎಸ್‌ಗಳೇ ಹೆಚ್ಚು ತಕರಾರು ತೆಗೆಯುತ್ತವೆ.

ಅರ್ಥಿಂಗ್ ಈ ಸೀಮೆಯ ಹಳೆಯ ರೋಗ. ಬತ್ತಿದ, ಕಲ್ಲು ತುಂಬಿದ ಒಣ ನೆಲ ವಿದ್ಯುತ್ತನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಇದ್ದಿಲು, ಉಪ್ಪು ತುಂಬಿದ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕದಿದ್ದರೆ ಅದು ಹೆಸರಿಗಷ್ಟೇ ಅರ್ಥ್. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಕಾರ್ಡ್ ತರುವ ಮುಂಚೆ ಎಲೆಕ್ಟ್ರಿಶಿಯನ್ನನ್ನು ಕರೆಸಬೇಕು. ಹೊಸ ಕಾರ್ಡ್ ಸತ್ತರೆ ವಾರಂಟಿಯವರು ಅರ್ಥ್ ಗುಂಡಿಯ ಹೊಣೆ ಹೊರುವುದಿಲ್ಲ.

ಜಾಗ, ಧೂಳು, ಕೇಬಲ್

ಚಿಕ್ಕ ಕ್ಯಾಬಿನೆಟ್ಟಿಗೆ ಅರ್ಧ ಎತ್ತರದ, ಲೋ ಪ್ರೊಫೈಲ್ ಕಾರ್ಡೇ ಬೇಕು. ಅದರ ಜೊತೆ ಚಿಕ್ಕ ತಗಡುಪಟ್ಟಿ ಡಬ್ಬಿಯೊಳಗೆ ಬಂದಿದೆಯೇ ಎಂದು ಅಂಗಡಿಯಲ್ಲೇ ನೋಡಬೇಕು. ಸೆಕೆಂಡ್ ಹ್ಯಾಂಡ್ ಕಾರ್ಡಿನಲ್ಲಿ ಮೊದಲು ಕಳೆದುಹೋಗುವುದು ಅದೇ. ಎರಡು ಸ್ಲಾಟ್ ದಪ್ಪದ ಕಾರ್ಡ್ ಎಸ್‌ಎಂಪಿಎಸ್‌ಗೆ ತಾಗುವುದೂ ಉಂಟು. ಬೇಸಿಗೆಯಲ್ಲಿ 35 ಡಿಗ್ರಿ ದಾಟುವ ಈ ಊರುಗಳಲ್ಲಿ ಕಾರ್ಡಿನ ಫ್ಯಾನಿಗೆ ಗಾಳಿ ಆಡಲು ಎದುರಿಗೆ ಜಾಗ ಇರಲೇಬೇಕು. ಕ್ಯಾಬಿನೆಟ್ ತೆರೆದಾಗಲೇ ಧೂಳನ್ನು ಬ್ಲೋವರಿನಿಂದ ಊದಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ಎರಡು ಕೆಲಸ ಒಟ್ಟಿಗೆ ಮುಗಿಯುತ್ತವೆ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು.

ಮಾನಿಟರ್ ವಿಜಿಎ ಮಾತ್ರದ್ದಾದರೆ ಖರ್ಚು ಇನ್ನೊಂದಿದೆ. ಎನ್‌ವಿಡಿಯಾ ಜಿಟಿಎಕ್ಸ್ 10 ಸರಣಿಯಿಂದ, ಎಎಂಡಿ 2013ರ ಆರ್9 290ರಿಂದ ಅನಲಾಗ್ ಸಂಕೇತವನ್ನೇ ಕೈಬಿಟ್ಟವು. ಬರೀ ಪಿನ್ನಿನ ಆಕಾರ ಬದಲಿಸುವ ಅಗ್ಗದ ಕನೆಕ್ಟರಿನಿಂದ ಚಿತ್ರ ಬಾರದು. ಸಂಕೇತವನ್ನೇ ಬದಲಿಸುವ ಚಿಪ್ ಉಳ್ಳ ಎಚ್‌ಡಿಎಂಐ–ವಿಜಿಎ ಕನ್ವರ್ಟರ್ ಬೇಕು.

ಜೋಡಣೆ ಮತ್ತು ಬಯಾಸ್

ಜೋಡಣೆಯ ಕೈಕೆಲಸ ಅರ್ಧ ಗಂಟೆಯದು. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಹೊರಹಾಕಿ, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಂಡು, ಕಾರ್ಡನ್ನು ಟಕ್ ಎನ್ನುವವರೆಗೆ ಒತ್ತಿ, ಸ್ಕ್ರೂ ಬಿಗಿದರೆ ಆಯಿತು. ಡಿಸ್‌ಪ್ಲೇ ಬರುತ್ತಿಲ್ಲ ಎಂಬ ದೂರಿಗೆ ಅತಿ ಸಾಮಾನ್ಯ ಕಾರಣ, ಮಾನಿಟರಿನ ಕೇಬಲನ್ನು ಹಳೆಯ ಅಭ್ಯಾಸದಂತೆ ಮದರ್‌ಬೋರ್ಡಿಗೇ ಚುಚ್ಚಿರುವುದು. ಅದು ಕಾರ್ಡಿನ ಬೆನ್ನಿಗೆ ಹೋಗಬೇಕು. ಅದೂ ಅಲ್ಲವಾದರೆ ರ್‍ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು, ಸಿಆರ್2032 ಬ್ಯಾಟರಿ ತೆಗೆದು ಬಯಾಸ್ ಸೆಟ್ಟಿಂಗನ್ನು ಮೊದಲಿನಂತಾಗಿಸುವುದು ಅಂಗಡಿಯವರ ಮಾಮೂಲಿ ಕ್ರಮ. ಬಹಳ ಸಲ ಫಲಿಸುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ತೊಡಕು ಬಯಾಸಿನದು. 2012ರಲ್ಲಿ ವಿಂಡೋಸ್ 8 ಬಂದ ಸುಮಾರಿಗೆ ಯಂತ್ರಗಳು ಹಳೆಯ ಬಯಾಸಿನಿಂದ ಯುಇಎಫ್‌ಐಗೆ ದಾಟಿದವು. ಈ ಗಡಿಯ ಹಿಂದಿನ ಬೋರ್ಡುಗಳು ಕೆಲವು ಹೊಸ ಕಾರ್ಡುಗಳನ್ನು ಗುರುತಿಸುವುದೇ ಇಲ್ಲ. ಗಡಿಯಾಚೆಯ ಯಂತ್ರದಲ್ಲಿ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ತೀರ ಹಳೆಯ ಕಾರ್ಡ್ ತಿರಸ್ಕೃತವಾಗುತ್ತದೆ. ತಯಾರಕರ ಕೊನೆಯ ಬಯಾಸ್ ಆವೃತ್ತಿಯನ್ನು ಮೊದಲೇ ಹಾಕಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಯುಪಿಎಸ್ ಇಲ್ಲದ ಕಡೆ ಆ ಕೆಲಸಕ್ಕೆ ಕೈ ಹಾಕಬಾರದು. ನಡುವೆ ಕರೆಂಟ್ ಹೋದರೆ ಬೋರ್ಡೇ ಹೋದಂತೆ.

ಯಾವ ಕೆಲಸಕ್ಕೆ ಯಾವುದು

ಮದುವೆ ವಿಡಿಯೊದವರ ಸಂಗತಿ ಇಲ್ಲಿ ಅತಿ ಮುಖ್ಯ, ಅತಿ ಹೆಚ್ಚು ತಪ್ಪು ಖರೀದಿ ಆಗುವುದೂ ಅಲ್ಲೇ. ಈಗಿನ ಕ್ಯಾಮೆರಾಗಳ 4ಕೆ ದೃಶ್ಯ ಎಚ್.265 ರೂಪದಲ್ಲಿ ಬಂದರೆ 2015ಕ್ಕಿಂತ ಹಿಂದಿನ ಇಂಟೆಲ್ ಚಿಪ್ಪುಗಳು ಅದನ್ನು ಬಿಡಿಸಲು ಏದುಸಿರು ಬಿಡುತ್ತವೆ. ಅಲ್ಲಿ ಕಾರ್ಡ್ ನಿಜವಾಗಿ ನೆರವಿಗೆ ಬರುತ್ತದೆ. ಆದರೆ ಜಿಟಿ 1030ಕ್ಕೆ ವಿಡಿಯೊ ಬಿಡಿಸಲು ಬರುತ್ತದೆ, ಮಡಚಲು (ಎನ್‌ಕೋಡ್ ಮಾಡಲು) ಬರುವುದಿಲ್ಲ. ಅಂದರೆ ಎಡಿಟ್ ಮುಗಿಸಿ ರೆಂಡರ್ ಹಾಕಿದಾಗ ಹೊರೆಯೆಲ್ಲ ಮತ್ತೆ ಪ್ರೊಸೆಸರಿನ ಹೆಗಲಿಗೇ. ಆರ್‌ಎಕ್ಸ್ 6400, 6500 ಎಕ್ಸ್‌ಟಿಗಳಲ್ಲೂ ಎನ್‌ಕೋಡರ್ ಇಲ್ಲ. 1050 ಟಿಐ, 1650ರಲ್ಲಿ ಇದೆ. ಇನ್ನೊಂದು ಸೂಕ್ಷ್ಮ: ಕಾರ್ಡ್ ಹಾಕಿದೊಡನೆ ಎಷ್ಟೋ ಬೋರ್ಡುಗಳು ಇಂಟೆಲ್‌ನ ಒಳಗಿನ ಗ್ರಾಫಿಕ್ಸನ್ನು ಆಫ್ ಮಾಡುತ್ತವೆ. ಎಡಿಯಸ್‌ನಂಥ ತಂತ್ರಾಂಶ ಅವಲಂಬಿಸುವ ಕ್ವಿಕ್ ಸಿಂಕ್ ಅದರೊಂದಿಗೇ ಹೋಗಿ, ಹೊಸ ಕಾರ್ಡ್ ಹಾಕಿದ ಮೇಲೆ ರೆಂಡರ್ ಮೊದಲಿಗಿಂತ ನಿಧಾನವಾಗುತ್ತದೆ. ಬಯಾಸಿನಲ್ಲಿ ಐಜಿಪಿಯು ಮಲ್ಟಿ ಮಾನಿಟರ್ ಎಂಬ ಆಯ್ಕೆಯಿದ್ದರೆ ಅದನ್ನು ಎನೇಬಲ್ ಮಾಡಿದರೆ ಎರಡೂ ಉಳಿಯುತ್ತವೆ.

ಬ್ಲೆಂಡರ್ 4ಕ್ಕೆ ಓಪನ್‌ಜಿಎಲ್ 4.3 ಬೇಕು. ಮೂರನೆಯ ಪೀಳಿಗೆಯ ಇಂಟೆಲ್ ಪ್ರೊಸೆಸರಿನ ಒಳಗಿನ ಎಚ್‌ಡಿ 4000 ವಿಂಡೋಸಿನಲ್ಲಿ 4.0ಕ್ಕೆ ನಿಲ್ಲುತ್ತದೆ. ಹಾಗಾಗಿ ಈ ಕಲಿಕೆಗೆ ಕಾರ್ಡ್ ಅನಿವಾರ್ಯ. ಯಂತ್ರ ಕಲಿಕೆಯ ವಿದ್ಯಾರ್ಥಿ ಕಾರ್ಡಿಗಿಂತ ಮೊದಲು ಪ್ರೊಸೆಸರನ್ನು ನೋಡಬೇಕು. ಆ ಕಲಿಕೆಗೆ ಬಳಸುವ ಟೆನ್ಸರ್‌ಫ್ಲೋ 2018ರ 1.6ನೇ ಆವೃತ್ತಿಯಿಂದ ಎವಿಎಕ್ಸ್ ಆದೇಶಗಳನ್ನು ಕೇಳುತ್ತದೆ. ಅವು ಬಂದದ್ದು 2011ರ ಎರಡನೆಯ ಪೀಳಿಗೆಯ ಐ3, ಐ5, ಐ7ಗಳಲ್ಲಿ. ಕೋರ್ 2 ಡ್ಯುಯೊದಲ್ಲಿ ಇಲ್ಲ, ಆ ಕಾಲದ ಪೆಂಟಿಯಂ, ಸೆಲೆರಾನ್‌ಗಳಲ್ಲೂ ಇಲ್ಲ. ಅಂಥ ಯಂತ್ರಕ್ಕೆ ಎಂಥ ಕಾರ್ಡ್ ಹಾಕಿದರೂ ಸಿದ್ಧ ಟೆನ್ಸರ್‌ಫ್ಲೋ ಏಳುವುದಿಲ್ಲ. ಆಟದವರ ಪ್ರಶ್ನೆಗೆ ಉತ್ತರ ಚಿಕ್ಕದು: ನಾಲ್ಕು ಕೋರಿನ ಐ5 ಇದ್ದರೆ 1650ರ ಮಟ್ಟದ ಕಾರ್ಡ್ ಸಾರ್ಥಕ, ಎರಡು ಕೋರಿನ ಹಳೆಯ ಯಂತ್ರದಲ್ಲಿ ಕಾರ್ಡ್ ಪ್ರೊಸೆಸರಿನ ದಾರಿ ಕಾಯುತ್ತ ಕೂರುತ್ತದೆ.

ಡ್ರೈವರ್, ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ

ಹಳೆಯ ಕಾರ್ಡಿನ ಡ್ರೈವರನ್ನು ಸಂಪೂರ್ಣ ತೆಗೆದು, ಹೊಸದನ್ನು ತಯಾರಕರ ಜಾಲತಾಣದಿಂದಲೇ ಇಳಿಸಿಕೊಳ್ಳುವುದು ಸರಿಯಾದ ಕ್ರಮ. ಅಂಗಡಿಯ ಪೆನ್ ಡ್ರೈವಿನಲ್ಲಿರುವ ವರ್ಷಗಳ ಹಿಂದಿನ ಡ್ರೈವರಿಗೆ ಹೊಸ ಕಾರ್ಡಿನ ಪರಿಚಯ ಇರುವುದಿಲ್ಲ. ವಿಂಡೋಸ್ 32 ಬಿಟ್ ಆಗಿದ್ದರೆ ಮೊದಲು 64 ಬಿಟ್‌ಗೆ ಬರಬೇಕು. ಎನ್‌ವಿಡಿಯಾ 2018ರಲ್ಲೇ 32 ಬಿಟ್ ಡ್ರೈವರ್ ನಿಲ್ಲಿಸಿತು.

ಕ್ರಿಪ್ಟೊ ನಾಣ್ಯ ಎಥೀರಿಯಂ ಕಾರ್ಡುಗಳಿಂದ ಗಣಿಗಾರಿಕೆ ಮಾಡುವ ಪದ್ಧತಿಯನ್ನು 2022ರ ಸೆಪ್ಟೆಂಬರ್ 15ರಂದು ಕೈಬಿಟ್ಟಿತು. ಅಲ್ಲಿಂದಾಚೆಗೆ ಹಗಲಿರುಳು ದುಡಿದ ಕಾರ್ಡುಗಳು ಅಗ್ಗಕ್ಕೆ ಮಾರುಕಟ್ಟೆಗೆ ಬಂದವು. ದುಡಿದದ್ದೇ ದೋಷವಲ್ಲ, ಫ್ಯಾನು, ಥರ್ಮಲ್ ಪ್ಯಾಡ್ ಸವೆದಿರುತ್ತವೆ ಅಷ್ಟೆ. ನಿಜವಾದ ವಂಚನೆ ಬೇರೆಯದು. ಜಿಟಿಎಸ್ 450, ಜಿಟಿಎಕ್ಸ್ 550 ಟಿಐನಂಥ ಹಳೆಯ ಚಿಪ್ಪಿಗೆ 1050 ಟಿಐ ಎಂದು ಹೆಸರು ತಿದ್ದಿ ಮಾರುತ್ತಾರೆ. ವಿಂಡೋಸ್ ಆ ಸುಳ್ಳು ಹೆಸರನ್ನೇ ತೋರಿಸುತ್ತದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂಥ ನಕಲಿಯನ್ನು ಗುರುತಿಸಿ ಹೇಳುತ್ತದೆ.

ಹಳೆಯ ಕಾರ್ಡುಗಳ ಡ್ರೈವರಿಗೂ ಗಡುವು ಇದೆ. 1050 ಟಿಐ ಸೇರಿದ ಪ್ಯಾಸ್ಕಲ್ ಪೀಳಿಗೆಗೆ ಎನ್‌ವಿಡಿಯಾದ 580ನೇ ಶಾಖೆಯೇ ಕೊನೆ, ಆಮೇಲೆ 2028ರ ಅಕ್ಟೋಬರ್‌ವರೆಗೆ ಸುರಕ್ಷತಾ ತಿದ್ದುಪಡಿ ಮಾತ್ರ. ಅದರ ನಂತರದ ಪೀಳಿಗೆಯ 1650ಕ್ಕೆ ಈ ಕಡಿತ ಬಂದಿಲ್ಲ. ಎರಡರ ಬೆಲೆಯಲ್ಲಿ ಅಂತರ ಕಡಿಮೆಯಿದ್ದರೆ 1650 ಕೊಳ್ಳುವುದೇ ಸರಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಯಂತ್ರಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಲ್ಲುವುದಿಲ್ಲ, ಕಾರ್ಡ್ ಹಾಕಿದ್ದರಿಂದ ಅದು ಬದಲಾಗುವುದೂ ಇಲ್ಲ. ಯಂತ್ರ ಇನ್ನೆರಡು ವರ್ಷದಲ್ಲಿ ಬದಲಾಗುವುದೇ ಆದರೆ ಆಗ ಕಿತ್ತು ಹೊಸದಕ್ಕೆ ಹಾಕಿಕೊಳ್ಳಬಹುದಾದ ಕಾರ್ಡನ್ನೇ ಆರಿಸಿ. ಅಂಗಡಿ ಬಿಡುವ ಮುನ್ನ ಕಾರ್ಡಿನ ಸೀರಿಯಲ್ ನಂಬರನ್ನು ಜಿಎಸ್‌ಟಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.